ಕಬ್ಬಿನ ಬಿಲ್ಲೂ ನಿಲ್ಲದ ಸರ್ವರೂ

ಮಹಾರಾಷ್ಟ್ರದ ಬಾರಾಮತಿಯ ಸುತ್ತ ನೀರಾ ಎಡದಂಡೆ ಕಾಲುವೆಯ ನೀರುಂಡು ಬೆಳೆದ ಕಬ್ಬು ಮಾಳೇಗಾವ, ಸೋಮೇಶ್ವರ ಸಹಕಾರಿ ಕಾರ್ಖಾನೆಗಳಿಗೆ ಹೋಗುತ್ತದೆ. ಬಿಲ್ಲಿನ ಹಣ ರೈತನ ಬ್ಯಾಂಕ್ ಖಾತೆಗೆ ಬರುತ್ತದೆ. ಈ ದಾರಿಯಲ್ಲಿ ಒಂದು ಸರ್ವರ್ ಕೈಕೊಟ್ಟರೂ ಗೊಬ್ಬರದಂಗಡಿಯ ಬಾಕಿ, ಮಕ್ಕಳ ಕಾಲೇಜು ಶುಲ್ಕ ಎಲ್ಲವೂ ಅಲ್ಲೇ ನಿಲ್ಲುತ್ತವೆ. ಕೋಟಿಗಟ್ಟಲೆ ಬೆಲೆಯ ಸರ್ವರ್‌ಗಳ ಗುಣದೋಷದ ವಿಚಾರ ಮುಂಬಯಿಯ ಷೇರುಪೇಟೆಗೆ ಎಷ್ಟು ಮುಖ್ಯವೋ ಬಾರಾಮತಿಗೂ, ಕಬ್ಬು ಬೆಳೆಯುವ ನಮ್ಮ ಮುಧೋಳ, ಅಥಣಿಗೂ ಅಷ್ಟೇ ಮುಖ್ಯ.

ಈ ಯಂತ್ರಗಳ ಹಿಂದಿರುವ ಬುದ್ಧಿಯನ್ನು ಮನಸಾರೆ ಮೆಚ್ಚಬೇಕು. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಟ್ಯಾಂಡೆಮ್ ಕಂಪನಿ, ಯಾವ ಭಾಗವಾದರೂ ಕೆಟ್ಟೇ ಕೆಡುತ್ತದೆ ಎಂದು ಮೊದಲೇ ಒಪ್ಪಿಕೊಂಡು ಯಂತ್ರ ಕಟ್ಟಿತು. ಒಂದು ಪ್ರೊಸೆಸರ್ ನಿಂತರೆ, ಅದರ ಕೆಲಸ ಎಲ್ಲಿಗೆ ಬಂದಿತ್ತೆಂದು ಬಲ್ಲ ಇನ್ನೊಂದು ಅಲ್ಲಿಂದಲೇ ಮುಂದುವರಿಸುತ್ತದೆ. ಕೆಟ್ಟ ಬೋರ್ಡನ್ನು ಯಂತ್ರ ನಡೆಯುತ್ತಿರುವಾಗಲೇ ಬದಲಾಯಿಸಬಹುದು. ಈ ದರ್ಜೆಯ ಸರ್ವರ್‌ಗಳಿಗೆ ಹೇಳುವ ಮಾನದಂಡ ಶೇ. 99.999. ಅಂದರೆ ವರ್ಷಕ್ಕೆ ಐದೂಕಾಲು ನಿಮಿಷಕ್ಕಿಂತ ಹೆಚ್ಚು ನಿಲ್ಲಬಾರದು.

ಆ ಲೆಕ್ಕ ಯಂತ್ರದ್ದು; ಅದನ್ನು ನಡೆಸುವವರ ಲೆಕ್ಕ ಬೇರೆ. 2021ರ ಫೆಬ್ರುವರಿ 24ರಂದು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ವಹಿವಾಟು ಬೆಳಿಗ್ಗೆ 11.40ಕ್ಕೆ ನಿಂತು ಮಧ್ಯಾಹ್ನ 3.45ಕ್ಕೆ ಮತ್ತೆ ಶುರುವಾಯಿತು. ಶೇ. 99.999ರ ಲೆಕ್ಕದಲ್ಲಿ ಸುಮಾರು 47 ವರ್ಷಗಳಿಗೆ ಸಲ್ಲುವಷ್ಟು ನಿಲುಗಡೆ ಅದು! ಟೆಲಿಕಾಂ ಸಂಪರ್ಕ ಹೋಯಿತು, ಅದರ ಬೆನ್ನಿಗೆ ಸ್ಟೋರೇಜ್ ವ್ಯವಸ್ಥೆ ಕೈಕೊಟ್ಟಿತು. ಇಂಥ ಹೊತ್ತಿಗೆಂದೇ ಬದಲಿ ಕೇಂದ್ರ ಇತ್ತು. ವಹಿವಾಟನ್ನು ಅಲ್ಲಿಗೆ ದಾಟಿಸುವ ನಿರ್ಧಾರವನ್ನೇ ಯಾರೂ ಮಾಡಲಿಲ್ಲ. ನನ್ನ ದೃಷ್ಟಿಯಲ್ಲಿ ಇದು ಯಂತ್ರದ ಸೋಲಲ್ಲ, ಆಡಳಿತದ ಸೋಲು. ಇಂಥ ಸಂದರ್ಭದಲ್ಲಿ ಅರ್ಧ ಗಂಟೆಯೊಳಗೆ ವಿಪತ್ತು ಘೋಷಿಸಬೇಕೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಆಮೇಲೆ ಕಟ್ಟುನಿಟ್ಟು ಮಾಡಿದ್ದು ಸರಿಯಾಗಿಯೇ ಇದೆ.

ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನ ಪ್ರಕರಣ ಇನ್ನೂ ಕಠಿಣ ಪಾಠ. 2018ರ ಆಗಸ್ಟ್ 11 ಮತ್ತು 13ರಂದು ಅಲ್ಲಿಂದ 94 ಕೋಟಿ ರೂಪಾಯಿಗೂ ಹೆಚ್ಚು ಹಣ ಕಳವಾಯಿತು. ಹಣ ತೆಗೆಯಲು ಅನುಮತಿ ಕೇಳಿ ಬಂದ ಕೋರಿಕೆಗಳು ಬ್ಯಾಂಕಿನ ಮೂಲ ವ್ಯವಸ್ಥೆಗೆ ತಲುಪಲೇ ಇಲ್ಲ. ಎಟಿಎಂ ಕೋರಿಕೆಗಳನ್ನು ಬ್ಯಾಂಕಿಗೆ ದಾಟಿಸುವುದು ಸ್ವಿಚ್; ಕಳ್ಳರು ನಡುವೆ ನಿಲ್ಲಿಸಿದ್ದ ಅದರ ನಕಲಿ ಎಲ್ಲಕ್ಕೂ 'ಸರಿ' ಎಂದು ಉತ್ತರಿಸಿತು. 28 ದೇಶಗಳ ಎಟಿಎಂಗಳಿಂದ ನೋಟು ಹೊರಬಂದವು. ಯಾವ ಸರ್ವರೂ ನಿಲ್ಲದೆಯೇ ಇಷ್ಟೆಲ್ಲ ನಡೆಯಿತು! ನಿಲ್ಲದಿರುವುದನ್ನಷ್ಟೇ ಅಳೆಯುವ ಪದ್ಧತಿ ಎಷ್ಟು ಅರೆಬರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಸಣ್ಣ ಬ್ಯಾಂಕುಗಳಿಗೆ ಸ್ವಂತ ಯಂತ್ರ ಕೊಳ್ಳುವ ಶಕ್ತಿ ಇರುವುದಿಲ್ಲ; ಹಲವು ಬ್ಯಾಂಕುಗಳು ಒಂದೇ ಸಂಸ್ಥೆಯ ಸೇವೆ ಪಡೆಯುತ್ತವೆ. ಖರ್ಚಿನ ದೃಷ್ಟಿಯಿಂದ ಅದು ವಿವೇಕ. ಆದರೆ 2024ರ ಜುಲೈ ಕೊನೆಯಲ್ಲಿ ಇಂಥ ಸೇವೆ ಕೊಡುವ ಸಿ-ಎಡ್ಜ್ ಟೆಕ್ನಾಲಜೀಸ್ ರ‍್ಯಾನ್ಸಮ್‌ವೇರ್ ದಾಳಿಗೆ ಸಿಕ್ಕಾಗ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆಗೆ ಒಟ್ಟಿಗೇ ಪೆಟ್ಟು ಬಿತ್ತು. ಎಲ್ಲರ ಹೊರೆಯನ್ನೂ ಒಬ್ಬರ ಹೆಗಲಿಗೇರಿಸಿದ ಮೇಲೆ ಆ ಹೆಗಲನ್ನು ಪರೀಕ್ಷಿಸುತ್ತಿರಬೇಕು.

ನಿಮ್ಮ ಸಹಕಾರಿ ಬ್ಯಾಂಕಿನ ವಾರ್ಷಿಕ ಮಹಾಸಭೆಯಲ್ಲಿ ಡಿವಿಡೆಂಡ್ ಎಷ್ಟು ಎಂದು ಕೇಳುವ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿ: ಬದಲಿ ಕೇಂದ್ರದಿಂದ ಇಡೀ ದಿನದ ವಹಿವಾಟು ನಡೆಸಿ ನೋಡಿದ್ದು ಯಾವಾಗ? ಎಟಿಎಂ ಸ್ವಿಚ್‌ನ ಲೆಕ್ಕವನ್ನು ಖಾತೆಗಳ ಲೆಕ್ಕದೊಂದಿಗೆ ತಾಳೆ ನೋಡುವುದು ಎಷ್ಟು ಹೊತ್ತಿಗೊಮ್ಮೆ? ಉತ್ತರ ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೂ ಪಟ್ಟು ಬಿಡಬೇಡಿ.