‘ತೊಳೆದ ಬೋಟಿ’ ಎಂಬ ಎರಡು ಪದಗಳು

ಹೋದ ವರ್ಷ ಗೆಳೆಯರು ಒಂದು ಕಿರುಹೊತ್ತಗೆ ತರಲು ಹೊರಟಿದ್ದರು. ಅದಕ್ಕೆ ಪ್ರತಿಯೊಬ್ಬರೂ ತಮ್ಮ ಮನೆಯ ಒಂದು ಅಡುಗೆ ಬರೆದುಕೊಡಬೇಕಿತ್ತು. ಕನ್ನಡ ಸಾಹಿತ್ಯದಲ್ಲಿ ಆಹಾರ ಎಂಬ ವಿಷಯದ ಮೇಲೆ ಪಿಎಚ್.ಡಿ. ಮಾಡುತ್ತಿರುವ ನಾನು ಹಿಂದೆ ಸರಿಯುವಂತಿರಲಿಲ್ಲ. ಅಸೂಟಿಯಲ್ಲಿರುವ ಅವ್ವನಿಗೆ ಫೋನ್ ಹಚ್ಚಿ ಖಾರದ ಬೋಟಿ ಮಾಡುವುದು ಹೇಗೆಂದು ಕೇಳಿದೆ. ಎಲ್ಲ ಹೇಳಿದ ಮೇಲೆ ಅವಳು ಒಂದು ಮಾತು ಸೇರಿಸಿದಳು: “ತೊಳಿಯೂದೆಲ್ಲಾ ಬರೀಬ್ಯಾಡಪಾ. ನಾಕು ಮಂದಿ ಓದ್ತಾರ.”

ನಾನು ಬರೆಯಲಿಲ್ಲ. ಸಾಮಗ್ರಿಗಳ ಪಟ್ಟಿಯ ಮೊದಲ ಸಾಲು ಹೀಗಿತ್ತು: ‘ತೊಳೆದ ಬೋಟಿ – ಒಂದು ಕುರಿಯದು’. ಅದಾದ ಮೇಲೆ ಉಳ್ಳಾಗಡ್ಡಿ, ಒಣಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ.

ಕೆಲವು ವಾರಗಳ ನಂತರ ಧಾರವಾಡದ ನನ್ನ ಬಾಡಿಗೆ ಮನೆಯಲ್ಲಿ, ನಾನೇ ಬರೆದ ಆ ಪುಟವನ್ನು ಎದುರಿಗಿಟ್ಟುಕೊಂಡು ಅಡುಗೆಗೆ ಇಳಿದೆ. ಅಂಗಡಿಯವನು ‘ಕ್ಲೀನ್ ಮಾಡೇವ್ರಿ’ ಎಂದು ಕೊಟ್ಟಿದ್ದ. ಎರಡು ಸಲ ನಲ್ಲಿಯ ಕೆಳಗೆ ಹಿಡಿದೆ, ಕುಕ್ಕರಿಗೆ ಹಾಕಿದೆ. ಮೂರನೆಯ ಸೀಟಿಗೇ ಮನೆಯೆಲ್ಲ ಕೊಟ್ಟಿಗೆಯ ವಾಸನೆ. ಮಸಾಲೆ ಅದನ್ನು ಮುಚ್ಚಲಿಲ್ಲ. ರಾತ್ರಿ ಯಾರೂ ಕಾಣದ ಹೊತ್ತು ನೋಡಿ ಅಷ್ಟನ್ನೂ ಹೊರಗೆ ಚೆಲ್ಲಿ ಬಂದೆ. ನಾನು ಬರೆದ ಪಠ್ಯ ನನ್ನ ಕೈಯಲ್ಲೇ ಸೋತಿತ್ತು. ಅದರ ವಿಮರ್ಶೆ ಅಲ್ಲಿಂದಲೇ ಶುರುವಾಗಬೇಕು ಅನ್ನಿಸಿತು.

‘ತೊಳೆದ’ ಎಂಬುದು ಭೂತಕೃದಂತ. ಕೆಲಸ ಮುಗಿದಿದೆ ಎಂದು ಅದು ಹೇಳುತ್ತದೆ, ಮುಗಿಸಿದವರು ಯಾರೆಂದು ಹೇಳುವುದಿಲ್ಲ. ಪಾಕಪುಸ್ತಕಗಳಿಗೆ ಈ ರೂಪ ಬಹಳ ಪ್ರಿಯ: ನೆನೆಸಿದ ಬೇಳೆ, ತುರಿದ ಕಾಯಿ, ಹೆಚ್ಚಿದ ಈರುಳ್ಳಿ. ಅಲ್ಲೆಲ್ಲ ಅದರಿಂದ ದೊಡ್ಡ ನಷ್ಟವಿಲ್ಲ. ಬೋಟಿಯ ವಿಷಯ ಬೇರೆ. ಅಲ್ಲಿ ತೊಳೆಯುವುದೇ ಮುಕ್ಕಾಲು ಅಡುಗೆ; ಒಗ್ಗರಣೆ, ಮಸಾಲೆ, ಕುದಿ ಸೇರಿದರೆ ಉಳಿದ ಕಾಲು ಭಾಗ. ಆ ಮುಕ್ಕಾಲು ಭಾಗವನ್ನು ನಾನು ಒಂದು ಪದದೊಳಗೆ ಹೂತುಹಾಕಿದ್ದೆ.

ನಮ್ಮ ಬರವಣಿಗೆಯ ಪರಂಪರೆಗೆ ಇದು ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗ ಎಂಬ ಭಾಗವಿದೆ. ಪಿತ್ತಜನಕಾಂಗವನ್ನು ಕೆಂಡದ ಮೇಲೆ ಸುಡುವುದು, ಕರುಳಿಗೆ ಹೂರಣ ತುಂಬಿ ಬೇಯಿಸುವುದು ಎಲ್ಲ ಅಲ್ಲಿ ಬರುತ್ತದೆ. ಹಳೆಯ ರೋಣ ತಾಲ್ಲೂಕಿನ ಸೂಡಿಯಲ್ಲಿ ಇಂದಿಗೂ ನಿಂತಿರುವ ಜೋಡುಕಳಸದ ಗುಡಿ ಆ ಚಾಲುಕ್ಯರ ಕಾಲದ್ದೇ. ನಮ್ಮ ಸೀಮೆಯೂ ಅವರ ಆಳ್ವಿಕೆಗೆ ಸೇರಿತ್ತು. ಹಾಗಾಗಿ ‘ಕರುಳು ತಿನ್ನುವುದು ಕೇರಿಯವರ ಊಟ’ ಎನ್ನುವವರ ಎದುರು ನಾನು ಸೆಮಿನಾರುಗಳಲ್ಲಿ ಸೋಮೇಶ್ವರನನ್ನು ಹೆಮ್ಮೆಯಿಂದ ತಂದು ನಿಲ್ಲಿಸುತ್ತಿದ್ದೆ. ಆದರೆ ಅನ್ನಭೋಗ ಬರುವುದು ದೊರೆಯ ಉಪಭೋಗಗಳನ್ನು ಹೇಳುವ ವಿಭಾಗದಲ್ಲಿ. ಆ ಪಠ್ಯ ಕೂತಿರುವುದು ಎಲೆಯ ಮುಂದೆ, ಕೊಡದ ಪಕ್ಕದಲ್ಲಿ ಅಲ್ಲ. ನಮ್ಮ ಆಯಿಗೆ ಅದು ಎಂಥ ಸಾಕ್ಷಿಯಾದೀತು?

ಕನ್ನಡದಲ್ಲಿ 16ನೆಯ ಶತಮಾನದ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದ. ಜೈನ ಕವಿಯಾದ ಅವನದು ಪೂರ್ತಿ ಸಸ್ಯಾಹಾರದ ಅಡುಗೆ. ಅವನಿಂದ ಬೋಟಿಯನ್ನು ನಿರೀಕ್ಷಿಸುವುದು ತಪ್ಪು. ಅವನಿಗಿಂತ ಬಹಳ ಮೊದಲೇ, 12ನೆಯ ಶತಮಾನದಲ್ಲಿ, ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ ಒಂದು ಬಗೆಯ ಮಾಂಸ ತಿಂದವರು ಕುಲಜರು, ಇನ್ನೊಂದು ಬಗೆಯದು ತಿಂದವರು ಕೀಳು ಎನ್ನುವ ಲೆಕ್ಕವನ್ನು ನೇರವಾಗಿ ಪ್ರಶ್ನಿಸಿದ್ದಳು. ನನ್ನ ಪ್ರಬಂಧದ ಎರಡನೆಯ ಅಧ್ಯಾಯ ನಿಂತಿರುವುದೇ ಆ ವಚನದ ಮೇಲೆ. ನಮ್ಮ ಕಾಲಕ್ಕೆ ಬಂದರೆ, ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವನ ಮನೆಯವರೆಲ್ಲ ಸೇರಿ ಕಡಲೆಕಾಯಿ ತಿನ್ನುವ ರಾತ್ರಿ ಇದೆ. ಹಸಿವನ್ನು ಬರೆಯುತ್ತಲೇ ತಿನ್ನುವ ಸಂಭ್ರಮವನ್ನೂ ಹೀಗೆ ಬರೆದ ಪುಟಗಳು ಕಡಿಮೆ. ಇವರೆಲ್ಲ ನನಗೆ ತಿನ್ನುವ ಹಕ್ಕನ್ನು, ತಿನ್ನುವ ಸುಖವನ್ನು ಕಲಿಸಿದರು. ಆದರೆ ನನ್ನ ಟಿಪ್ಪಣಿಗಳನ್ನೆಲ್ಲ ತಿರುವಿ ನೋಡಿದಾಗ ‘ಯಾರು ತಿಂದರು’, ‘ಯಾರಿಗೆ ತಿನ್ನಗೊಡಲಿಲ್ಲ’ ಎಂಬ ಎರಡೇ ಪ್ರಶ್ನೆ ಸಿಕ್ಕವು. ‘ಯಾರು ತೊಳೆದರು’ ಎಂದು ನಾನು ಯಾವ ಪಠ್ಯಕ್ಕೂ ಕೇಳಿರಲಿಲ್ಲ.

ಮರಾಠಿಯ ಶಾಹು ಪಾಟೋಳೆ ಮರಾಠವಾಡದ ಮಹಾರ್ ಮತ್ತು ಮಾಂಗ್ ಸಮುದಾಯಗಳ ಅಡುಗೆಯನ್ನು 2015ರಲ್ಲಿ ಪುಸ್ತಕವಾಗಿಸಿದಾಗ ಅದಕ್ಕೆ ‘ಅನ್ನ ಹೇ ಅಪೂರ್ಣಬ್ರಹ್ಮ’ ಎಂದು ಹೆಸರಿಟ್ಟರು. ಅನ್ನ ಪೂರ್ಣಬ್ರಹ್ಮ ಎಂಬ ಮಾತಿಗೆ ಒಂದು ‘ಅ’ ಸೇರಿಸಿ ಕೊಟ್ಟ ಉತ್ತರ ಅದು. ನನ್ನ ಪಾಕವಿಧಾನವೂ ಅಪೂರ್ಣವೇ ಆಗಿತ್ತು. ವ್ಯತ್ಯಾಸವೆಂದರೆ ಅದನ್ನು ಅಪೂರ್ಣ ಮಾಡಿದವನು ನಾನೇ.

ಎರಡನೆಯ ಸಲ ಫೋನನ್ನು ಸ್ಪೀಕರಿಗೆ ಹಾಕಿ ಬಚ್ಚಲಲ್ಲಿ ಕೂತೆ. ಜಠರವನ್ನು ಸೀಳಿ, ಒಳಗಿನದನ್ನು ಪೂರ್ತಿ ಝಾಡಿಸಿ, ಹರಿಯುವ ನೀರಿನಲ್ಲಿ ತೊಳೆಯಬೇಕು. ಆಮೇಲೆ ಬಿಸಿನೀರಿನಲ್ಲಿ ಅದ್ದಬೇಕು. ನೀರು ಕೊತಕೊತ ಕುದಿಯುತ್ತಿದ್ದರೆ ಕಪ್ಪು ಸಿಪ್ಪೆ ಅಲ್ಲೇ ಕಚ್ಚಿಕೊಳ್ಳುತ್ತದೆ, ತಣ್ಣಗಿದ್ದರೆ ಬಿಡುವುದೇ ಇಲ್ಲ. “ಕೈ ಇಟ್ರ ಚುರ್ ಅನಬೇಕು, ಸುಡಬಾರದು” ಎಂದಳು ಅವ್ವ. ಚಮಚದ ಅಂಚಿನಿಂದ ಹೆರೆದಾಗ ಒಳಗಿನ ಬಿಳುಪು ಕಂಡಿತು. ಎಲೆಅಡಿಕೆಗೆ ಹಚ್ಚುವ ಸುಣ್ಣವನ್ನು ತೆಳ್ಳಗೆ ಸವರಿ, ತಿಕ್ಕಿ, ಸುಣ್ಣದ ಜಿಗುಟು ಹೋಗುವ ತನಕ ಮತ್ತೆ ನೀರು. ಹಾಳೆ ಹಾಳೆಯಾಗಿರುವ ಒಂದು ಭಾಗಕ್ಕೆ ನಮ್ಮ ಮನೆಯಲ್ಲಿ ‘ಪುಸ್ತಕ’ ಅನ್ನುತ್ತೇವೆ. ಅದರ ಒಂದೊಂದು ಹಾಳೆಯನ್ನೂ ಬಿಡಿಸಿ ತೊಳೆಯಬೇಕು, ಒಂದು ಬಿಟ್ಟರೂ ಹಲ್ಲಿಗೆ ಮರಳು ಸಿಗುತ್ತದೆ. ಕರುಳನ್ನು ಜ್ವಾಳದ ದಂಟಿನ ಕಡ್ಡಿಗೆ ಏರಿಸಿ ಒಳಮಗ್ಗಲು ಹೊರಗೆ ಮಾಡಿ, ಉಪ್ಪು ಹಾಕಿ ತಿಕ್ಕಬೇಕು. ಧಾರವಾಡದಲ್ಲಿ ದಂಟು ಎಲ್ಲಿ ಸಿಗಬೇಕು? ಊದಿನಕಡ್ಡಿ ಬಳಸಿದೆ. ಎರಡು ತಾಸು ಹಿಡಿಯಿತು. ಸೊಂಟ ಹಿಡಿದುಕೊಂಡಿತು.

ಅರಿಷಿಣ ಹಾಕಿ ಒಂದು ಕುದಿ ಕುದಿಸಿ ಆ ನೀರು ಚೆಲ್ಲುತ್ತಿರುವಾಗ ಕೇಳಿದೆ, “ತೊಳಿಯೂದು ಬರೀಬ್ಯಾಡ ಅಂದದ್ದು ಯಾಕ?”

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಕಂದೂರಿಯಾದ ಮರುದಿನ ತಲೆ, ಕಾಲು, ಬೋಟಿ ನಮ್ಮ ಕೇರಿಗೆ ಬರುತ್ತಿತ್ತಂತೆ. ಆಯಿ ಅವಳನ್ನು ಕರೆದುಕೊಂಡು ನಸುಕಿನಲ್ಲೇ, ಮಂದಿ ಏಳುವ ಮೊದಲು ಹಳ್ಳಕ್ಕೆ ಹೋಗುತ್ತಿದ್ದಳಂತೆ. “ಉಂಬಾಗ ಎಲ್ಲಾರೂ ಚಲೋ ಆಗೇತಿ ಅಂತಿದ್ರು. ತೊಳಿಯಾಗ ನೋಡಿದವ್ರು ಮೂಗು ಮುಚ್ಚಿಕೊಂತಿದ್ರು. ಅದಕ್ಕ.”

ನನ್ನ ‘ತೊಳೆದ’ ಎಂಬ ಪದದೊಳಗೆ ಆ ನಸುಕೂ ಇತ್ತು. ಆಯಿ, ಅವ್ವ ಅದನ್ನು ಅಡಗಿಸಿಟ್ಟದ್ದು ತಮ್ಮನ್ನು ಕಾಪಾಡಿಕೊಳ್ಳಲಿಕ್ಕೆ. ನಾನು ಅಡಗಿಸಿದ್ದು ಪುಟ ಚೆಂದ ಕಾಣಲಿ ಎಂದು. ಎರಡೂ ಒಂದೇ ಅಲ್ಲ. ಬೋಟಿಯನ್ನು ಹೆಮ್ಮೆಯ ಊಟವೆಂದು ಬರೆಯುವ ನಮ್ಮಂಥ ಹುಡುಗರು ಹೆಮ್ಮೆಯನ್ನು ತಾಟಿನಿಂದ ಶುರುಮಾಡಿದರೆ, ಹಳ್ಳದ ದಂಡೆಯಲ್ಲಿ ಕೂತ ಹೆಣ್ಣುಮಕ್ಕಳ ಪಾಲಿಗೆ ನಾಚಿಕೆಯಷ್ಟೇ ಉಳಿಯುತ್ತದೆ.

ಉಳಿದದ್ದು ಬೇಗ ಆಯಿತು. ಒಣಕೊಬ್ಬರಿ, ಸುಟ್ಟ ಉಳ್ಳಾಗಡ್ಡಿ, ಬಳ್ಳೊಳ್ಳಿ, ಶುಂಠಿ, ಕೊತ್ತಂಬರಿ ಕಾಳು, ಗಸಗಸೆ, ಲವಂಗ, ಚಕ್ಕೆ ಹುರಿದು ಅರೆದೆ. ಬಣ್ಣಕ್ಕೆ ಬ್ಯಾಡಗಿ, ಉರಿಗೆ ಗುಂಟೂರು ಖಾರ. ಬೋಟಿಯೇ ಕೊಬ್ಬು ಬಿಡುವುದರಿಂದ ಎಣ್ಣೆ ಸ್ವಲ್ಪವೇ ಸಾಕು. ಕುಕ್ಕರಿನಲ್ಲಿ ಬೆಂದದ್ದನ್ನು ಮಸಾಲೆಯ ಜೊತೆ ನೀರು ಆರುವ ತನಕ ಬಾಡಿಸಿದೆ. ರೊಟ್ಟಿ ಖಾನಾವಳಿಯಿಂದ ತಂದದ್ದು. ಗೆಳೆಯರಿಬ್ಬರು ಮೂಗು ಒರೆಸಿಕೊಳ್ಳುತ್ತಲೇ ತಾಟು ಬಳಿದರು.

ಹೊತ್ತಗೆ ಇನ್ನೂ ಅಚ್ಚಿಗೆ ಹೋಗಿಲ್ಲ. ಆ ಪುಟವನ್ನು ತಿದ್ದಿ ಬರೆದು ಫೋನಿನಲ್ಲೇ ಅವ್ವನಿಗೆ ಓದಿ ಹೇಳಿದೆ. ಈಗ ಅದರಲ್ಲಿ ಹನ್ನೊಂದು ಸಾಲು ತೊಳೆಯುವುದರದ್ದು, ಮೂರು ಸಾಲು ಮಸಾಲೆಯದ್ದು. ಹಳ್ಳಕ್ಕೆ ಹೋದ ಮಾತನ್ನು ತೆಗೆಯಲೇ ಎಂದೂ ಕೇಳಿದೆ.

“ಇರಲಿ ಬಿಡು,” ಅಂದಳು. “ಸುಣ್ಣ ಭಾಳ ಹಚ್ಚಬಾರದು ಅಂತ ಬರದಿಲ್ಲ ನೀ. ಅದನ್ನ ಬರಿ.”