ಮುಚ್ಚಳಿಕೆ ಬರೆಸಿಕೊಂಡರೆ ಮುಗಿಯಿತೇ?

ಜೂನ್ 26ರ ಮಾದಕವಸ್ತು ವಿರೋಧಿ ದಿನ ಬಂತೆಂದರೆ ಕಾಲೇಜಿನ ಅಂಗಳದಲ್ಲಿ ಕೈ ಮುಂದೆ ಚಾಚಿ ಪ್ರತಿಜ್ಞೆ; ಪ್ರವೇಶಾತಿ ಬಂತೆಂದರೆ ಹಲವೆಡೆ ಮುಚ್ಚಳಿಕೆ. ಮಾದಕ ವ್ಯಸನಕ್ಕೆ ಇದೇ ಮದ್ದೆಂದು ಆಡಳಿತದವರು ಹೆಮ್ಮೆಪಡುತ್ತಾರೆ. ಆ ಹೆಮ್ಮೆಗೆ ಆಧಾರವಿಲ್ಲ.

ಆ ಕಾಗದವನ್ನೇ ಓದೋಣ. ಸಂಸ್ಥೆಯಿಂದ ಸಂಸ್ಥೆಗೆ ಮಾತು ಬದಲಾದೀತು, ಬೆನ್ನೆಲುಬು ಒಂದೇ: ಸೇವಿಸುವುದಿಲ್ಲ, ಸೇವಿಸಿದರೆ ಕ್ರಮಕ್ಕೆ ಬದ್ಧ. 'ಸೇವಿಸಿದರೆ' ಎಂಬ ಒಂದೇ ಪದದೊಳಗೆ ಸ್ನೇಹಿತರ ಒತ್ತಾಯಕ್ಕೆ ಮೊದಲ ಸಲ ಗಾಂಜಾ ಎಳೆದವನೂ ತಿಂಗಳುಗಟ್ಟಲೆ ಬಿಡಲಾಗದೆ ಒದ್ದಾಡುತ್ತಿರುವವಳೂ ಒಂದೇ ತಕ್ಕಡಿಗೆ ಬೀಳುತ್ತಾರೆ. ಮುಚ್ಚಳಿಕೆ ಪೊಲೀಸ್ ಠಾಣೆಯಲ್ಲಿ ಪಳಗಿದ ಪದ. ಹದಿನೆಂಟರ ಮಕ್ಕಳು ಕಾಲೇಜಿನ ಹೊಸ್ತಿಲಲ್ಲೇ ಆರೋಪಿಯ ಭಾಷೆಗೆ ಸಹಿ ಹಾಕುತ್ತಾರೆ. ಸಿಕ್ಕಿಬಿದ್ದರೆ ಏನಾಗುತ್ತದೆಂದು ಆ ವಾಕ್ಯ ಹೇಳುತ್ತದೆ. ತಾನಾಗಿ ಬಂದು 'ನನ್ನಿಂದ ಬಿಡಲಾಗುತ್ತಿಲ್ಲ ಸರ್' ಎಂದರೆ ಏನಾಗುತ್ತದೆಂದು ಹೇಳುವುದಿಲ್ಲ.

ಕಠಿಣವೆಂದು ಹೆಸರಾದ, ಮಾದಕವಸ್ತು ನಿಯಂತ್ರಣದ 1985ರ ಎನ್‌ಡಿಪಿಎಸ್ ಕಾಯ್ದೆ ಅದನ್ನು ಹೇಳುತ್ತದೆ. ಅದರ 27ನೇ ಸೆಕ್ಷನ್ ಪ್ರಕಾರ ಗಾಂಜಾ ಸೇವನೆಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ 64ಎ ಸೆಕ್ಷನ್ ಇನ್ನೊಂದು ಬಾಗಿಲು ತೆರೆಯುತ್ತದೆ: ಸೇವನೆಯ ಅಥವಾ ಅಲ್ಪ ಪ್ರಮಾಣದ ಮಾದಕವಸ್ತುವಿನ ಆರೋಪ ಹೊತ್ತ ವ್ಯಸನಿ ಸ್ವಇಚ್ಛೆಯಿಂದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಆ ಆರೋಪದ ವಿಚಾರಣೆಯಿಂದ ರಕ್ಷಣೆ. ಚಿಕಿತ್ಸೆ ಪೂರ್ತಿಯಾಗದಿದ್ದರೆ ಆ ರಕ್ಷಣೆಯನ್ನು ಹಿಂತೆಗೆಯಬಹುದು ಎಂಬ ಷರತ್ತು ನನಗೆ ಒಪ್ಪಿಗೆಯಿಲ್ಲ. ಬಿಟ್ಟದ್ದು ಮತ್ತೆ ಅಂಟಿಕೊಳ್ಳುವುದು ಈ ಕಾಯಿಲೆಯ ಲಕ್ಷಣವೇ. ಆದರೂ ದೇಶದ ಈ ಕಾಯ್ದೆಗೆ ಇರುವಷ್ಟು ಕರುಣೆ ವಿದ್ಯಾಸಂಸ್ಥೆಯ ಕಾಗದಕ್ಕಿಲ್ಲ.

'ರಿಯಾಯಿತಿ ಕೊಟ್ಟರೆ ಹುಡುಗರು ಕೆಡುತ್ತಾರೆ' ಎನ್ನುವವರು ನಮ್ಮಲ್ಲಿ ಹೆಚ್ಚು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ 2002ರಲ್ಲಿ, ಕುಡಿದು ಅಸ್ವಸ್ಥರಾದವರಿಗೆ ನೆರವು ಕರೆದ ವಿದ್ಯಾರ್ಥಿಗಳನ್ನು ಶಿಸ್ತುಕ್ರಮದಿಂದ ಕಾಪಾಡುವ ನಿಯಮ ತಂದಿತು. ನೆರವಿನ ಕರೆಗಳು ಹೆಚ್ಚಿದವು, ಕುಡಿತ ಹೆಚ್ಚಿದ್ದು ಕಾಣಲಿಲ್ಲ. ಭಯವೇ ಕಾಯುತ್ತದೆ ಎನ್ನುವವರು ಇದಕ್ಕೆ ಉತ್ತರ ಕೊಡಬೇಕು. ನಮ್ಮ ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಗೂ ಉತ್ತರಿಸಬೇಕು: ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೊಂದು ಚಿಕಿತ್ಸೆ ಸಿಕ್ಕಿತ್ತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವೇ ಇರುವ ನಾಡು ನಮ್ಮದು. ಅದರ ಬಾಗಿಲವರೆಗೆ ಹೋಗಲು ಹುಡುಗನಿಗೆ ಧೈರ್ಯ ತುಂಬುವವರು ಯಾರು?

ನಿಯಮವೇ ಬೇಡವೆಂದು ನಾನು ಹೇಳುತ್ತಿಲ್ಲ. ಹಾಸ್ಟೆಲಿನಲ್ಲಿ ಮಾರುವವನಿಗೆ ಶಿಕ್ಷೆ ಆಗಲೇಬೇಕು. ಆದರೆ ನಡುರಾತ್ರಿ ಗೆಳೆಯ ವಾಂತಿ ಮಾಡಿಕೊಂಡು ಪ್ರಜ್ಞೆ ತಪ್ಪಿದಾಗ, ಅವನನ್ನು ಮಗ್ಗುಲಾಗಿ ಮಲಗಿಸಿದ ಕೋಣೆಯವನು ವಾರ್ಡನ್ ಬಾಗಿಲು ತಟ್ಟುವ ಮುನ್ನ ಆ ಮುಚ್ಚಳಿಕೆಯನ್ನು ನೆನೆದು ಒಂದು ಕ್ಷಣ ತಡೆದರೂ, ಅದು ಸೋತಂತೆ.

ಮುಂದಿನ ಪ್ರವೇಶಾತಿಯೊಳಗೆ ಆ ಕಾಗದಕ್ಕೆ ಎರಡು ಸಾಲು ಸೇರಲಿ. ತಾನಾಗಿ ಬಂದು ಹೇಳಿಕೊಂಡವರ ಮೇಲೂ ಗೆಳೆಯನಿಗಾಗಿ ನೆರವು ಕರೆದವರ ಮೇಲೂ ಶಿಸ್ತುಕ್ರಮವಿಲ್ಲ ಎಂಬುದು ಒಂದು. ವ್ಯಸನಮುಕ್ತಿ ಸಹಾಯವಾಣಿ 14446 ಎಂಬುದು ಇನ್ನೊಂದು. ಅದರ ಕೆಳಗೆ ಪ್ರಾಂಶುಪಾಲರು ಸಹಿ ಹಾಕಲಿ.