ಉಪ್ಪರಿಗೆಯ ಹಲಗೆ ಮತ್ತೆ ಮಿನುಗಿದಾಗ

ದೇವರಮನೆ ಗುಡ್ಡದ ಮಂಜು ಮೂಡಿಗೆರೆ ಸೀಮೆಯ ಹಳೆಯ ತೋಟದ ಮನೆಗಳ ಉಪ್ಪರಿಗೆಗೂ ನುಗ್ಗುತ್ತದೆ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ, ತಲೆಮಾರುಗಳ ಪಾದಕ್ಕೆ ಸವೆದ ಹಲಗೆಯನ್ನು ಕಿತ್ತು ಟೈಲ್ಸ್ ಹಾಸುವುದು ಸುಲಭ. ಅದನ್ನು ಉಳಿಸಿಕೊಡುವ ಬಡಗಿಯ ಕೈಗೆ ನನ್ನ ನಮಸ್ಕಾರ.

ಮರ ಚೆನ್ನಾಗಿ ಒಣಗಿರುವ ಫೆಬ್ರವರಿ, ಮಾರ್ಚ್‌ ಈ ಕೆಲಸಕ್ಕೆ ಹದವಾದ ಕಾಲ. ಮೊದಲು ಎದ್ದ ಮೊಳೆಗಳನ್ನು ಒಳಕ್ಕೆ ಇಳಿಸಬೇಕು. ಇಲ್ಲದಿದ್ದರೆ ಉಪ್ಪುಕಾಗದ ಹರಿಯುತ್ತದೆ. 40ನೇ ನಂಬರಿನ ಒರಟು ಕಾಗದ, ಆಮೇಲೆ 80, ಕೊನೆಗೆ 120. ಮರದ ಎಳೆ ಹೋದತ್ತಲೇ ಉಜ್ಜಬೇಕು, ಅಡ್ಡ ಉಜ್ಜಿದರೆ ಗೀರು ಉಳಿಯುತ್ತದೆ. ಉದುರಿದ ಹುಡಿಯನ್ನೇ ಅಂಟಿನಲ್ಲಿ ಕಲಸಿ ಬಿರುಕಿಗೆ ತುಂಬುತ್ತಾರೆ. ಕಡೆಗೆ ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತೆಳುವಾಗಿ ಸವರಿದರೆ, ಕಪ್ಪುಗಟ್ಟಿದ್ದ ಬೀಟೆಯ ಗೆರೆಗಳು ಮತ್ತೆ ಮೇಲೆದ್ದು ಬರುತ್ತವೆ.

ಹೊಸ ಮರ ಬೀಳಲಿಲ್ಲ. ಹಳೆಯದು ಇನ್ನೊಂದು ತಲೆಮಾರಿಗೆ ನೆಲವಾಯಿತು.